ಚಿತ್ರಕ್ಕೆ ‘ಅಂತೆ’ ಇಲ್ಲ

ಕಳೆದ ದಸರೆಯ ದಿನಗಳಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ ಪುಸ್ತಕದ ಮಳಿಗೆಯೊಂದರ ಮುಂದೆ ನಡೆದ ಸಣ್ಣ ಪ್ರಸಂಗ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಆರು ವರ್ಷದ ಆಸುಪಾಸಿನ ಹುಡುಗನೊಬ್ಬ ಮೇಜಿನ ಅಂಚಿಗೆ ಗಲ್ಲ ಊರಿಕೊಂಡು, ಅಗಲವಾದ ಚಿತ್ರಪುಸ್ತಕವೊಂದನ್ನು ಬಿಡಿಸಿಟ್ಟು ನೋಡುತ್ತಿದ್ದ. ಎರಡು ಪುಟದ ತುಂಬ ಕಡುನೀಲಿ ರಾತ್ರಿ ಹರಡಿತ್ತು. ಆ ರಾತ್ರಿಯ ನಡುವೆ ಒಂದು ಮರ. ಮರದ ಎಲೆಗಳಲ್ಲೆಲ್ಲ ಪುಟ್ಟ ಪುಟ್ಟ ಮೀನುಗಳು ಮುದುರಿಕೊಂಡು ಮಲಗಿದ್ದವು. ಹುಡುಗನ ತುಟಿ ಸಣ್ಣಗೆ ಅಲುಗುತ್ತಿತ್ತು, ಮೀನುಗಳನ್ನು ಎಣಿಸುತ್ತಿದ್ದನೆಂದು ತೋರುತ್ತದೆ. ಅಷ್ಟರಲ್ಲಿ ಅವನ ತಾಯಿ ಬಂದು ಪುಸ್ತಕವನ್ನು ಹಿಂದುಮುಂದು ತಿರುಗಿಸಿ ಬೆಲೆ ನೋಡಿದರು, ಒಳಗಿನ ಪುಟಗಳನ್ನು ಸರಸರನೆ ಮಗುಚಿದರು, “ಇದ್ರಲ್ಲಿ ಓದೋಕೇನಿದೆ? ಬರೀ ಚಿತ್ರ” ಎಂದು ಮುಚ್ಚಿಟ್ಟು, ಪಕ್ಕದಲ್ಲಿದ್ದ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವನ್ನು ಕೊಂಡರು. ಹುಡುಗ ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ಎಣಿಕೆ ಅರ್ಧಕ್ಕೆ ನಿಂತವನ ಹಾಗೆ ಒಮ್ಮೆ ಹಿಂತಿರುಗಿ ನೋಡಿ, ಜನಜಂಗುಳಿಯಲ್ಲಿ ಕರಗಿಹೋದ.

ಆ ತಾಯಿಯನ್ನು ದೂರುವುದಕ್ಕೆ ನನಗೆ ಬಾಯಿಲ್ಲ. 24 ಪುಟ, ಎಲ್ಲವನ್ನೂ ಸೇರಿಸಿದರೂ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಮಾತು, ಅದಕ್ಕೆ ಇನ್ನೂರರ ಹತ್ತಿರ ಬೆಲೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರು ಮಾತಿನ ಲೆಕ್ಕ ಹಿಡಿದು ಪುಸ್ತಕಕ್ಕೆ ಬೆಲೆ ಕಟ್ಟಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಅದೂ ಅಲ್ಲದೆ, 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಮೇಡಂ ಆಗಿದ್ದ ನಾನು ಇದೇ ಮಾತನ್ನು ಎಷ್ಟು ಮಂದಿಗೆ ಹೇಳಿಲ್ಲ! ನೆಂಟರಿಷ್ಟರು ತಮ್ಮ ಮಕ್ಕಳ ಓದಿನ ಬಗ್ಗೆ ಕೇಳಿದಾಗಲೆಲ್ಲ “ಚಿತ್ರದ ಪುಸ್ತಕ ಇನ್ನು ಸಾಕು, ಓದುವ ಪುಸ್ತಕ ಕೊಡಿಸಿ” ಎಂದು ಗಂಭೀರವಾಗಿ ಸಲಹೆ ಕೊಟ್ಟವಳು ನಾನು. ಮಗುವನ್ನು ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹತ್ತಿಸುತ್ತಿದ್ದೇನೆ ಎಂಬ ಧನ್ಯತೆ ಬೇರೆ ಆಗ ನನ್ನಲ್ಲಿ ಇರುತ್ತಿತ್ತು. ಈ ವರ್ಷ ಅದೇ ಸಲಹೆಯನ್ನು ನನ್ನ ಮೊಮ್ಮಗಳ ಶಾಲೆಯವರು ನನ್ನ ಮಗಳಿಗೆ ಕೊಟ್ಟು ಕಳುಹಿಸಿದಾಗ, ಯಾವುದೋ ಹಳೆಯ ಸಾಲ ಬಡ್ಡಿಸಮೇತ ಮನೆಬಾಗಿಲಿಗೆ ಬಂದು ನಿಂತಂತಾಯಿತು.

ಮೊಮ್ಮಗಳಿಗೆ ಈಗ ಐದೂವರೆ ವರ್ಷ. ಅವಳ ಅಮ್ಮ ಕೆಲಸದಿಂದ ಬರುವವರೆಗೆ, ಕುವೆಂಪುನಗರದ ನಮ್ಮ ಮನೆಯ ಜಗಲಿಯಲ್ಲಿ ಅವಳಿಗೂ ನನಗೂ ದಿನಾ ಒಂದು ಗಂಟೆಯ ಪುಸ್ತಕದ ಹೊತ್ತು ಇರುತ್ತದೆ. ಒಂದು ಸಂಜೆ ರೆಕ್ಕೆಯುಳ್ಳ ಆನೆಯ ಚಿತ್ರವಿದ್ದ ಪುಟವನ್ನು ತೆರೆದು, ಅಲ್ಲಿ ಅಚ್ಚಾಗಿದ್ದ ವಾಕ್ಯವನ್ನು ಬಿಟ್ಟು ನನ್ನ ರೂಢಿಯ ಪ್ರಕಾರ “ಒಂದು ಕಾಡಿನಲ್ಲಿ ಒಂದು ಆನೆ ಇತ್ತಂತೆ, ಅದಕ್ಕೆ ರೆಕ್ಕೆ ಇತ್ತಂತೆ” ಎಂದು ಶುರುಮಾಡಿದೆ. ಅವಳು ನನ್ನ ಕೈಯನ್ನು ಹಿಡಿದು ನಿಲ್ಲಿಸಿದಳು. “ಅಂತೆ ಅಲ್ಲ ಅಜ್ಜಿ. ಇದೆ. ಇಲ್ಲೇ ಇದೆಯಲ್ಲ, ನೋಡು” ಎಂದು ರೆಕ್ಕೆಯ ಮೇಲೆ ಬೆರಳಿಟ್ಟಳು. ಅವಳಿಗೆ ಅದು ತಿದ್ದುಪಡಿ, ಅಷ್ಟೆ. ಕೂಡಲೇ ಮುಂದಿನ ಪುಟಕ್ಕೆ ಹೋದಳು. ನಾನು ಮಾತ್ರ ಆ ಪುಟದಲ್ಲೇ ಉಳಿದೆ.

ಒಲೆಯ ಮೇಲೆ ಮಲಗಿದ ಹುಡುಗ

‘ಅಂತೆ’ ಎನ್ನುವುದು ನಮ್ಮ ಭಾಷೆಯ ಬಹಳ ಜಾಣ ಪ್ರತ್ಯಯ. ಯಾವುದೇ ಕ್ರಿಯಾಪದದ ಬಾಲಕ್ಕೆ ಅದನ್ನು ಅಂಟಿಸಿದರೆ ಸಾಕು, ಹೇಳುವವರ ಕೈ ತೊಳೆದಂತೆ ಆಗುತ್ತದೆ. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು. ನಿಜವೋ ಸುಳ್ಳೋ ನೀವೇ ನೋಡಿಕೊಳ್ಳಿ. ನೆರೆಮನೆಯ ಸುದ್ದಿಗೂ ಏಳು ಸಮುದ್ರದಾಚೆಯ ರಾಕ್ಷಸನಿಗೂ ಒಂದೇ ‘ಅಂತೆ’ ಸಾಲುತ್ತದೆ. ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಪಕ್ಕದ ನಮ್ಮ ಊರಿನಲ್ಲಿ ನಮ್ಮಪ್ಪನ ಅವ್ವ, ಎಂದರೆ ನಮ್ಮ ಅಜ್ಜಿ, ರಾತ್ರಿ ಮುದ್ದೆಯೂಟ ಮುಗಿಸಿ ಎಲೆಯಡಿಕೆ ಹಾಕಿಕೊಂಡ ಮೇಲೆ ಹೇಳುತ್ತಿದ್ದ ಕಥೆಗಳೆಲ್ಲ ಈ ಪ್ರತ್ಯಯದ ಮೇಲೆಯೇ ನಡೆಯುತ್ತಿದ್ದವು. “ಒಂದೂರ್ನಲ್ಲಿ ಒಬ್ಬ ರಾಜ ಇದ್ನಂತೆ.” “ಹ್ಞೂಂ.” “ಆ ರಾಜುನ್ಗೆ ಏಳ್ ಜನ ಹೆಂಡ್ರಂತೆ.” “ಹ್ಞೂಂ.” ಹೂಂಗುಟ್ಟುವವರು ನಿದ್ದೆಗೆ ಜಾರಿದರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಅಜ್ಜಿಯ ‘ಅಂತೆ’ಗೂ ನಮ್ಮ ‘ಹ್ಞೂಂ’ಗೂ ನಡುವೆ ಒಂದು ಒಪ್ಪಂದವಿತ್ತು: ನಾನು ಆಣೆ ಮಾಡಿ ಹೇಳುವುದಿಲ್ಲ, ನೀವು ಸಾಕ್ಷಿ ಕೇಳಬೇಡಿ.

ಆ ಒಪ್ಪಂದ ಮುರಿದದ್ದು ಒಂದು ರಷ್ಯದ ಪುಸ್ತಕದಿಂದ. ನಮ್ಮಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯುವ ಗುಮಾಸ್ತರಾಗಿದ್ದರು. ಊರೂರು ತಿರುಗುವ ಪುಸ್ತಕದ ವ್ಯಾನೊಂದು ಮಂಡ್ಯಕ್ಕೆ ಬಂದಾಗ ಎರಡೋ ಮೂರೋ ರೂಪಾಯಿ ಕೊಟ್ಟು ಅದನ್ನು ತಂದಿದ್ದರು. ಮಾಸ್ಕೋದ ಪ್ರಗತಿ ಪ್ರಕಾಶನ ಎಂದು ಒಳಪುಟದಲ್ಲಿತ್ತು. ಆ ಕಾಲದಲ್ಲಿ ಕನ್ನಡ ಬಲ್ಲ ಮನೆಗಳಿಗೆ ಇಂಥ ಪುಸ್ತಕಗಳು ಎಷ್ಟು ಅಗ್ಗವಾಗಿ ಬರುತ್ತಿದ್ದವು, ಅವುಗಳ ಕಾಗದ ಎಷ್ಟು ದಪ್ಪ, ವಾಸನೆ ಎಂಥದು ಎಂಬುದನ್ನು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. 1982ರ ಮೇಲೆ ಮಕ್ಕಳ ಪುಸ್ತಕಗಳ ಮೇಲೆ ‘ರಾದುಗ’ ಎಂಬ ಹೆಸರು ಬರತೊಡಗಿತು. ಹಾಗೆಂದರೆ ರಷ್ಯನ್ ಭಾಷೆಯಲ್ಲಿ ಕಾಮನಬಿಲ್ಲು ಎಂದು ತಿಳಿದದ್ದು ಬಹಳ ತಡವಾಗಿ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ ಆ ಬಿಲ್ಲೂ ಕರಗಿತು.

ನಾನು ಆಗ ಮೂರನೆಯ ತರಗತಿ. ಓದು ಬಾರದ ಅಜ್ಜಿಗೆ ಓದಿ ಹೇಳುವುದು ನನ್ನ ಪಾಲಿಗೆ ದೊಡ್ಡಸ್ತಿಕೆಯ ಕೆಲಸ. ಕಥೆಯಲ್ಲಿ ಒಬ್ಬ ಸೋಮಾರಿ ಹುಡುಗನಿದ್ದ. ಅವನು ಮಾತಾಡುವ ಮೀನನ್ನು ಹಿಡಿದದ್ದನ್ನೂ, ಮೀನು ಅವನಿಗೆ ವರ ಕೊಟ್ಟದ್ದನ್ನೂ ಅಜ್ಜಿ ಕಣ್ಣು ಮಿಟುಕಿಸದೆ ಒಪ್ಪಿಕೊಂಡರು. ಮೀನು ಮಾತಾಡುವುದರಲ್ಲಿ ಅವರಿಗೆ ಹೊಸದೇನೂ ಇರಲಿಲ್ಲ. ಅವರ ಕಥೆಗಳಲ್ಲಿ ಕಪ್ಪೆ, ಗಿಣಿ, ಒನಕೆ ಎಲ್ಲವೂ ಮಾತಾಡುತ್ತಿದ್ದವು. ಆದರೆ “ಹುಡುಗ ಒಲೆಯ ಮೇಲೆ ಮಲಗಿ ನಿದ್ದೆ ಹೋದ” ಎಂಬ ಸಾಲು ಬಂದ ಕೂಡಲೇ ಹೂಂಗುಟ್ಟುವುದು ನಿಂತಿತು. “ಅಯ್ಯೋ ಮೊಗಾ, ಒಲೆ ಮ್ಯಾಲೆ ಮಲ್ಗುದ್ರೆ ಸುಟ್ಟೋಗಲ್ವ? ನೀನೇ ತಪ್ಪಾಗಿ ಓದ್ತಾ ಇದ್ದೀಯ ಕಣಮ್ಮಿ” ಎಂದರು. ನಾನು ಮತ್ತೆ ಓದಿದೆ. ಅಕ್ಷರ ಅಕ್ಷರ ಬಿಡಿಸಿ ಓದಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಸಿಟ್ಟು ಬಂದು ಪುಸ್ತಕವನ್ನೇ ಅವರ ತೊಡೆಯ ಮೇಲಿಟ್ಟೆ. ಇಟ್ಟಿಗೆಯಲ್ಲಿ ಕಟ್ಟಿ ಸುಣ್ಣ ಬಳಿದ, ನಮ್ಮ ಹಟ್ಟಿಯ ಅರ್ಧದಷ್ಟಿದ್ದ ದೊಡ್ಡ ಒಲೆ. ಕೆಳಗೆ ಬೆಂಕಿಯ ಬಾಯಿ. ಮೇಲೆ ಚಪ್ಪಟೆಯಾದ ಅಟ್ಟ. ಅಟ್ಟದ ಮೇಲೆ ಹೂವಿನ ಕಂಬಳಿ ಹೊದ್ದು ಮಲಗಿದ ಹುಡುಗ. ಕಿಟಕಿಯ ಆಚೆ ಬೆಳ್ಳಗೆ ಸುರಿಯುತ್ತಿರುವ ಏನೋ ಒಂದು. ಅಜ್ಜಿ ಪುಸ್ತಕವನ್ನು ಬುಡ್ಡಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಲೆಯ ಬಾಯಿಯಿಂದ ಹುಡುಗನವರೆಗೆ ಬೆರಳಿನಿಂದ ಅಳೆದರು. “ಓಹೋ, ಹಿಂಗಾ” ಎಂದರು. ಆ ರಾತ್ರಿ ಕಥೆ ಮುಂದಕ್ಕೆ ಹೋಗಲಿಲ್ಲ. ಅವರು ಪುಟವನ್ನು ಮಗುಚಲು ಬಿಡಲಿಲ್ಲ.

ಕೆಲವು ತಿಂಗಳ ಮೇಲೆ, ಕಬ್ಬು ಕಡಿಯುವ ಕಾಲದಲ್ಲಿ, ಗದ್ದೆಯ ಬದುವಿನ ಮೇಲೆ ಕುಳಿತು ಆಳುಗಳಿಗೆ ಅವರು ಈ ಕಥೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಸೋಮಾರಿ ಹುಡುಗ ಇದ್ದನಂತೆ, ಮೀನು ಹಿಡಿದನಂತೆ, ಮೀನು ಮಾತಾಡಿತಂತೆ. ಒಲೆಯ ಜಾಗ ಬಂದಾಗ ಮಾತ್ರ ಸ್ವರ ಬದಲಾಯಿತು: “ಆಚೆ ಸೀಮೇಲಿ ಜನ ಒಲೆ ಮ್ಯಾಲೆ ಮಲಗ್ತಾರೆ ಕಣ್ರವ್ವಾ. ಸುಡಕ್ಕಿಲ್ಲ. ನಾನೇ ಕಣ್ಣಾರ ನೋಡಿವ್ನಿ.” ಅಜ್ಜಿ ಮಂಡ್ಯ ಜಿಲ್ಲೆಯನ್ನು ದಾಟಿದ್ದು ಧರ್ಮಸ್ಥಳಕ್ಕೆ ಒಂದು ಸಲ, ಮೈಸೂರಿಗೆ ನಾಲ್ಕೈದು ಸಲ. ಆದರೂ ಅವರು ಸುಳ್ಳು ಹೇಳುತ್ತಿರಲಿಲ್ಲ. ನೋಡಿದ್ದರು.

ಐವತ್ತು ವರ್ಷದ ಮೇಲೆ ಐದೂವರೆ ವರ್ಷದ ಹುಡುಗಿ ರೆಕ್ಕೆಯ ಮೇಲೆ ಬೆರಳಿಟ್ಟು ಹೇಳಿದ್ದೂ ಇದನ್ನೇ. ಮಾತು ಏನನ್ನಾದರೂ ಹೇಳಬೇಕಾದರೆ ಕಾಲ ಹೇಳಬೇಕು, ಯಾರು ಕಂಡದ್ದು ಎಂದು ಹೇಳಬೇಕು, ಇತ್ತೋ ಇದೆಯೋ ಎಂದು ತೀರ್ಮಾನಿಸಬೇಕು. ಚಿತ್ರಕ್ಕೆ ಭೂತಕಾಲವಿಲ್ಲ, ನಿಷೇಧವಿಲ್ಲ, ‘ಅಂತೆ’ಯಂತೂ ಇಲ್ಲವೇ ಇಲ್ಲ. ಆನೆಯ ಕಿವಿಯನ್ನು ಎಳೆದ ಗೆರೆಯೇ ಆನೆಯ ರೆಕ್ಕೆಯನ್ನೂ ಎಳೆದಿರುತ್ತದೆ. ಒಂದನ್ನು ನಂಬಿ ಇನ್ನೊಂದನ್ನು ಬಿಡುವುದಕ್ಕೆ ಕಣ್ಣಿಗೆ ಕಾರಣ ಸಿಗುವುದಿಲ್ಲ. ಮಾಯೆಯ ಕಥೆಗಳಿಗೂ ಚಿತ್ರಗಳಿಗೂ ಇಷ್ಟು ಗಾಢವಾದ ನಂಟು ಬೆಳೆದದ್ದು ಈ ಕಾರಣದಿಂದ ಎಂದು ನನಗೆ ತೋರುತ್ತದೆ. (ಆ ಪುಸ್ತಕದಲ್ಲಿ ನನಗೆ ನಿಜವಾದ ಮಾಯೆಯಾಗಿ ಕಂಡದ್ದು ಮಾತಾಡುವ ಮೀನಲ್ಲ, ಕಿಟಕಿಯಾಚೆಯ ಹಿಮ. ಅದು ಹತ್ತಿಯೆಂದೇ ಬಹಳ ದಿನ ನಂಬಿದ್ದೆ.)

ಭೂತಗನ್ನಡಿಯ ಕೆಳಗೆ

ನಮ್ಮ ಮನೆಗೆ ತಿಂಗಳು ತಿಂಗಳೂ ಬರುತ್ತಿದ್ದದ್ದು ಚಂದಮಾಮ. ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಅದನ್ನು ನಾವು ಓದುತ್ತಿದ್ದೆವು ಎಂದು ಎಲ್ಲರೂ ಹೇಳುತ್ತಾರೆ, ಆದರೆ ನೆನಪಿಸಿಕೊಳ್ಳಿ ಎಂದರೆ ಯಾರ ಬಾಯಿಂದಲೂ ಒಂದು ವಾಕ್ಯ ಬರುವುದಿಲ್ಲ, ಬರುವುದು ಚಿತ್ರ. ಹೆಗಲ ಮೇಲೆ ಹೆಣ, ಕೈಯಲ್ಲಿ ಬಿಚ್ಚುಗತ್ತಿ, ಸ್ಮಶಾನದ ಕತ್ತಲಲ್ಲಿ ಹೆಜ್ಜೆ ಹಾಕುವ ವಿಕ್ರಮ. ಅದನ್ನು ಬರೆದವರು ಶಂಕರ್ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್, ಅವರು 1950ರ ದಶಕದ ಆರಂಭದಲ್ಲಿ ಪತ್ರಿಕೆ ಸೇರಿ ದಶಕಗಳ ಕಾಲ ಬರೆದರು, 2020ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಅದರ ಮರುವರ್ಷ; ನಮ್ಮ ದೇಶದಲ್ಲಿ ಮಕ್ಕಳಿಗಾಗಿ ಚಿತ್ರ ಬರೆದವರಿಗೆ ಮನ್ನಣೆ ಯಾವ ಹೊತ್ತಿಗೆ ತಲಪುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮವರೇ, ಕನ್ನಡಿಗರು. ಈ ಹೆಸರುಗಳು ಒಂದೂ ನನಗೆ ಬಾಲ್ಯದಲ್ಲಿ ಗೊತ್ತಿರಲಿಲ್ಲ. ಚಿತ್ರಗಳನ್ನು ಯಾರಾದರೂ ಬರೆದಿರುತ್ತಾರೆ ಎಂಬುದೇ ಹೊಳೆದಿರಲಿಲ್ಲ.

ಹೊಳೆದದ್ದು ಭೂತಗನ್ನಡಿಯಿಂದ. ಅಪ್ಪ ತೂಕದ ಚೀಟಿಗಳ ಸಣ್ಣ ಅಂಕಿ ಓದಲು ಒಂದನ್ನು ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಅದನ್ನು ಕದ್ದು ರಾಕ್ಷಸನ ಕೆಂಗಣ್ಣಿನ ಮೇಲೆ ಹಿಡಿದೆ. ಕಣ್ಣು ಮಾಯವಾಯಿತು. ಅಲ್ಲಿದ್ದದ್ದು ರಾಣಿ ಬಣ್ಣದ ಚುಕ್ಕಿ, ಹಳದಿ ಚುಕ್ಕಿ, ಅಲ್ಲೊಂದು ಇಲ್ಲೊಂದು ನೀಲಿ, ಕಪ್ಪು. ರಾಜಕುಮಾರಿಯ ಕೆನ್ನೆಗೆ ಹಿಡಿದೆ, ಅಲ್ಲೂ ಅವೇ ಚುಕ್ಕಿಗಳು, ಸ್ವಲ್ಪ ದೂರ ದೂರ. ಆಕಾಶ, ಕುದುರೆ, ಬಂಗಾರದ ಕಿರೀಟ ಎಲ್ಲವೂ ಅದೇ ನಾಲ್ಕು ಬಣ್ಣದ ಅಂಗಡಿಯ ಸಾಮಾನು. ಬಣ್ಣದ ಅಚ್ಚಿನ ಗುಟ್ಟೇ ಅದು: ಒಂದೊಂದು ಬಣ್ಣಕ್ಕೆ ಒಂದೊಂದರಂತೆ ನಾಲ್ಕು ಅಚ್ಚು, ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು, ಕೂದಲೆಳೆಯಷ್ಟು ಜಾರಿದರೂ ರಾಣಿಯ ತುಟಿಯ ಕೆಂಪು ತುಟಿಯ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಹಾಗೆ ಬಣ್ಣ ಜಾರಿದ ಸಂಚಿಕೆಗಳು ನಮ್ಮ ಮನೆಯಲ್ಲಿ ಎರಡಿದ್ದವು. ಅವುಗಳಲ್ಲಿ ಪ್ರತಿಯೊಬ್ಬರ ಸುತ್ತಲೂ ಒಂದು ಬಣ್ಣದ ನೆರಳಿತ್ತು, ಆ ನೆರಳೇ ಅವರ ಆತ್ಮವೆಂದು ನನ್ನ ತಮ್ಮ ಹೇಳುತ್ತಿದ್ದ. ಗುಟ್ಟು ತಿಳಿದ ಮೇಲೆ ಚಿತ್ರ ಸಪ್ಪೆಯಾಗಬೇಕಿತ್ತು. ಆಗಲಿಲ್ಲ. ಕನ್ನಡಿ ತೆಗೆದ ಕೂಡಲೇ ಚುಕ್ಕಿಗಳು ಓಡಿಬಂದು ಮತ್ತೆ ರಾಕ್ಷಸನಾಗುತ್ತಿದ್ದವು. ಅದೆಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

ಇಲ್ಲಿ ಒಂದು ಮಾತನ್ನು ಬದಿಗೆ ಹೇಳಿಬಿಡುತ್ತೇನೆ. ಕನ್ನಡದ ಮಕ್ಕಳ ಸಾಹಿತ್ಯ ಕಿವಿಯ ಸಾಹಿತ್ಯ. ಪಂಜೆಯವರು, ರಾಜರತ್ನಂ, ಕಿಂದರಿಜೋಗಿಯ ಕುವೆಂಪು, ಇವರೆಲ್ಲರ ಪದ್ಯಗಳಲ್ಲಿ ನಾದವೇ ಚಿತ್ರದ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಕಿಂದರಿಜೋಗಿಯ ಇಲಿಗಳನ್ನು ನಾವು ಕಣ್ಣು ಮುಚ್ಚಿಕೊಂಡೇ ನೋಡಿದ್ದೇವೆ. ಬಣ್ಣದ ಬ್ಲಾಕ್ ಮಾಡಿಸುವ ಖರ್ಚನ್ನು ಹೊರಲಾರದ ಬಡ ಪ್ರಕಾಶಕರಿಗೆ ಪ್ರಾಸ ಅಗ್ಗವಾಗಿ ಒದಗಿದ ಬಣ್ಣವಾಗಿತ್ತು ಎಂದರೆ ಕವಿಗಳಿಗೆ ಅವಮಾನವಾಗದು ಎಂದುಕೊಳ್ಳುತ್ತೇನೆ. ಶಿವರಾಮ ಕಾರಂತರು 1936ರಲ್ಲಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ಚಿತ್ರಗಳ ಸಮೇತ ಹೊರತಂದದ್ದು ಈ ಹಿನ್ನೆಲೆಯಲ್ಲಿ ಒಂದು ಹುಚ್ಚು ಸಾಹಸ. ಹೀಗೆ ಕಿವಿ ತುಂಬಿ ಬೆಳೆದ ನಾವು ಕಣ್ಣಿನ ಓದನ್ನು ಓದೆಂದು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಸಹಜವೇ ಇರಬಹುದು.

ಆದರೆ ಚಿತ್ರವನ್ನು ಮಾತಿನ ಆಳು ಎಂದು ಕಾಣುವ ರೂಢಿ ನಮ್ಮದಷ್ಟೇ ಅಲ್ಲ. ಯೂರೋಪಿನಲ್ಲಿ ಮಕ್ಕಳಿಗೆಂದೇ ಮಾಡಿದ ಚಿತ್ರಪುಸ್ತಕಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕೊಮೀನಿಯಸ್ ಎಂಬ ಮೇಷ್ಟರಿಂದ ಆರಂಭಿಸುತ್ತಾರೆ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಚಿತ್ರದೊಳಗಿನ ವಸ್ತುಗಳಿಗೆ ಅಂಕಿ, ಅಂಕಿಗೆ ತಕ್ಕ ಪದ. ಪದ ಕಲಿಸಿದ ಮೇಲೆ ಚಿತ್ರದ ಕೆಲಸ ಮುಗಿಯಿತು. ನಾನೂ ಆ ಮೇಷ್ಟರ ವಂಶದವಳೇ. ಆಳು ತಿರುಗಿ ಮಾತಾಡಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟ್, 1880ರ ದಶಕದಲ್ಲಿ, ತಟ್ಟೆಯೊಂದು ಚಮಚದ ಜೊತೆ ಓಡಿಹೋಯಿತೆಂದು ಮುಗಿಯುವ ಶಿಶುಪದ್ಯಕ್ಕೆ ಚಿತ್ರ ಬರೆದ. ಪದ್ಯದ ಸಂತೋಷ ಅಲ್ಲಿಗೆ ನಿಲ್ಲುತ್ತದೆ. ಅವನು ಇನ್ನೊಂದು ಪುಟ ಮಗುಚಿಸಿ, ಪದ್ಯದಲ್ಲಿ ಎಲ್ಲೂ ಇಲ್ಲದ ಚಿತ್ರವೊಂದನ್ನು ಇಡುತ್ತಾನೆ: ತಟ್ಟೆ ಚೂರುಚೂರಾಗಿ ಬಿದ್ದಿದೆ, ಅಪ್ಪ ಅಮ್ಮಂದಿರಾದ ಚಾಕುವೂ ಮುಳ್ಳುಚಮಚವೂ ಮಗಳನ್ನು ನಡುವೆ ಹಿಡಿದುಕೊಂಡು ಮನೆಗೆ ಕರೆದೊಯ್ಯುತ್ತಿದ್ದಾರೆ. ನಮ್ಮ ಸೀಮೆಯವರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ಪದ್ಯವನ್ನಷ್ಟೇ ಓದಿದವರಿಗೆ ನಗು, ಚಿತ್ರವನ್ನೂ ಓದಿದ ಮಗುವಿಗೆ ನಗುವಿನ ಕೆಳಗೆ ಒಂದು ಕಳವಳ.

ಪುಟ ಮಗುಚುವುದು ಎಂದೆನಲ್ಲ, ಅದು ಕೂಡ ಯೋಚಿಸಬೇಕಾದ ಸಂಗತಿ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟಕ್ಕೆ ಏಕೆ ನಿಲ್ಲುತ್ತವೆ ಎಂದರೆ ಅದು ಅಚ್ಚುಕೂಟದ ಲೆಕ್ಕ: ದೊಡ್ಡ ಹಾಳೆಯ ಎರಡೂ ಬದಿ ಅಚ್ಚುಮಾಡಿ ಮೂರು ಸಲ ಮಡಿಸಿದರೆ 16 ಪುಟದ ಒಂದು ಫಾರಂ, ಅಂಥ ಎರಡು ಫಾರಂ ಸೇರಿಸಿ ಹೊಲಿದರೆ ಪುಸ್ತಕ. ಆದರೆ ಆ ಬಿಗಿಯಾದ ಲೆಕ್ಕದ ಒಳಗೆ ಒಳ್ಳೆಯ ಕಲಾವಿದರು ಪ್ರತಿಯೊಂದು ಮಗುಚುವಿಕೆಯನ್ನೂ ಅಜ್ಜಿ ‘ಹ್ಞೂಂ’ಗಾಗಿ ಕಾಯುತ್ತಿದ್ದ ಆ ಕ್ಷಣದಂತೆ ಬಳಸುತ್ತಾರೆ. ಬಲಪುಟದ ಅಂಚಿನಲ್ಲಿ ಒಂದು ಬಾಲ ಮಾತ್ರ ಕಾಣುತ್ತದೆ. ಬಾಲದ ಒಡೆಯ ಯಾರೆಂದು ತಿಳಿಯಲು ಮಗು ತಾನೇ ಕೈ ಚಾಚಬೇಕು. ಅಮೆರಿಕದ ಮಾರಿಸ್ ಸೆಂಡಾಕ್ 1963ರ ತನ್ನ ಪುಸ್ತಕದಲ್ಲಿ ಮಾಡಿದ್ದನ್ನು ನೋಡಿದಾಗ ನಾನು ಬೆರಗಾದೆ. ಮೊದಲ ಪುಟಗಳಲ್ಲಿ ಚಿತ್ರಗಳು ಚಿಕ್ಕವು, ಸುತ್ತ ಅಗಲವಾದ ಬಿಳಿ ಅಂಚು. ಹುಡುಗನ ಕೋಣೆಯಲ್ಲಿ ಕಾಡು ಬೆಳೆದಂತೆಲ್ಲ ಚಿತ್ರವೂ ಬೆಳೆಯುತ್ತದೆ, ಅಂಚನ್ನು ತಿನ್ನುತ್ತದೆ, ಎದುರು ಪುಟಕ್ಕೆ ಕಾಲಿಡುತ್ತದೆ, ಮಾತನ್ನು ಕೆಳಕ್ಕೆ ತಳ್ಳುತ್ತದೆ. ಕೊನೆಗೆ ಆ ವಿಚಿತ್ರ ಪ್ರಾಣಿಗಳ ಕುಣಿತ ಶುರುವಾದಾಗ ಮೂರು ಜೋಡಿಪುಟಗಳಲ್ಲಿ ಒಂದು ಅಕ್ಷರವೂ ಇಲ್ಲ. ಮಾಯೆ ತುತ್ತತುದಿಗೆ ಬಂದ ಜಾಗದಲ್ಲಿ ಬರಹಗಾರ ತನ್ನ ಬರಹವನ್ನೇ ಹಿಂತೆಗೆದುಕೊಂಡಿದ್ದಾನೆ. ನಮ್ಮ ಅಜ್ಜಿ ‘ಅಂತೆ’ಯನ್ನು ಬಿಟ್ಟದ್ದೂ ಇಂಥದೇ ಜಾಗದಲ್ಲಿ.

ಕಪ್ಪು ಬಣ್ಣದ ಪಾಲು

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಸಾಕ್ಷಿಯಂತೆ ಎದುರಿಗೆ ನಿಲ್ಲುವ ಚಿತ್ರ ಸುಳ್ಳುಸಾಕ್ಷಿಯನ್ನೂ ಹೇಳಬಲ್ಲದು. ನಾನು ಕಪ್ಪಗಿದ್ದೇನೆ, ನಾಲೆಯ ನೀರಿನಲ್ಲಿ, ಗದ್ದೆಯ ಬಿಸಿಲಿನಲ್ಲಿ ಬೆಳೆದ ನಮ್ಮ ಕೇರಿಯ ಮಕ್ಕಳೆಲ್ಲ ಹೆಚ್ಚುಕಡಿಮೆ ಹಾಗೇ ಇದ್ದೆವು. ಎಂಟೊಂಬತ್ತು ವರ್ಷದವಳಿದ್ದಾಗ ಬಣ್ಣದ ಕಥೆಪುಸ್ತಕಗಳಲ್ಲಿ ನನ್ನ ಬಣ್ಣದವರು ಯಾರಿದ್ದಾರೆಂದು ಹುಡುಕುವ ಆಟ ಶುರುಮಾಡಿದೆ. ರಾಜಕುಮಾರಿಯರೆಲ್ಲ ಕೇದಗೆಯ ಬಣ್ಣ. ಬ್ರಾಹ್ಮಣನ ಮಗಳು, ವರ್ತಕನ ಸೊಸೆ, ಕೊನೆಗೆ ಕಾಡಿನಲ್ಲಿ ಸೌದೆ ಆಯುವ ಬಡ ಹುಡುಗಿಯೂ ಬೆಳ್ಳಗೇ ಇದ್ದಳು. ನನ್ನ ಬಣ್ಣ ಸಿಕ್ಕಿದ್ದು ಪಂಜು ಹಿಡಿದ ಸೇವಕರಲ್ಲಿ, ಕೊಲೆಗಡುಕರಲ್ಲಿ, ಹೆಚ್ಚಾಗಿ ರಾಕ್ಷಸಿಯರಲ್ಲಿ. ಕಥೆಯ ಮಾತಿನಲ್ಲಿ “ಅವಳು ಬಹಳ ಚೆಲುವೆ” ಎಂದಷ್ಟೇ ಇದ್ದಿದ್ದರೆ ಆ ಚೆಲುವೆಗೆ ನನ್ನ ಬಣ್ಣವನ್ನು ಕೊಟ್ಟುಕೊಳ್ಳಬಹುದಿತ್ತು. ಅಜ್ಜಿಯ ಕಥೆಗಳಲ್ಲಿ ಹಾಗೆ ಕೊಟ್ಟುಕೊಂಡೇ ಇದ್ದೆ. ಚಿತ್ರ ಆ ಅವಕಾಶವನ್ನು ಬಿಡಲಿಲ್ಲ. ‘ಚೆಲುವೆಯಂತೆ’ ಎಂಬುದರ ಜೊತೆ ವಾದ ಮಾಡಬಹುದು, ಎದುರಿಗೇ ನಿಂತ ಚೆಲುವೆಯ ಜೊತೆ ಹೇಗೆ ಮಾಡುವುದು?

ಅಪ್ಪನ ಕೆಂಪು ಶಾಯಿಯ ಪೆನ್ನಿನಿಂದ ಒಬ್ಬ ರಾಕ್ಷಸಿಯ ಹಣೆಗೆ ದೊಡ್ಡ ಕುಂಕುಮವಿಟ್ಟೆ, ಅಷ್ಟೇ ನನ್ನಿಂದ ಆದದ್ದು. ಆ ಸಂಚಿಕೆ ಇನ್ನೂ ನನ್ನಲ್ಲಿದೆ.

ಈಗಿನ ಪುಸ್ತಕಗಳು ಈ ವಿಷಯದಲ್ಲಿ ನಮ್ಮ ಕಾಲಕ್ಕಿಂತ ಎಷ್ಟೋ ಮುಂದೆ ಬಂದಿವೆ. ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಕನ್ನಡದಲ್ಲಿ ತರುತ್ತಿರುವ ಪುಸ್ತಕಗಳಲ್ಲಿ ಕಪ್ಪು ಹುಡುಗಿಯರು ಮರ ಹತ್ತುತ್ತಾರೆ, ಪ್ರಶ್ನೆ ಕೇಳುತ್ತಾರೆ, ಅವರ ತಲೆಗೂದಲು ನಮ್ಮ ತಲೆಗೂದಲಿನಂತೆಯೇ ಹಾರಾಡುತ್ತದೆ. ಚೆನ್ನೈನವರೇ ಆದ ತಾರಾ ಬುಕ್ಸ್ ಗೊಂಡ ಬುಡಕಟ್ಟಿನ ಕಲಾವಿದರಿಂದ ಮರಗಳ ಚಿತ್ರ ಬರೆಸಿ, ಕೈಯಲ್ಲಿ ಮಾಡಿದ ಕಪ್ಪು ಕಾಗದದ ಮೇಲೆ ಒಂದೊಂದು ಬಣ್ಣವನ್ನೂ ಕೈಯಿಂದಲೇ ಅಚ್ಚೊತ್ತಿದ ಪುಸ್ತಕವನ್ನು ಮುಟ್ಟಿ ನೋಡಿದಾಗ, ಕಪ್ಪು ಎಂಬುದು ಬೆಳಕಿನ ತಾಯಿಯಂತೆ ಕಂಡಿತು. ನನ್ನ ತಕರಾರು ಒಂದೇ: ಕೆಲವು ಹೊಸ ಪುಸ್ತಕಗಳು ಒಳ್ಳೆಯ ಬುದ್ಧಿ ಹೇಳುವ ಆತುರದಲ್ಲಿ ಮಾಯೆಯನ್ನು ಹೊಸ್ತಿಲಾಚೆಯೇ ನಿಲ್ಲಿಸಿಬಿಡುತ್ತವೆ. ಕೈ ತೊಳೆಯಿರಿ, ನೀರು ಉಳಿಸಿ, ಹಂಚಿ ತಿನ್ನಿ. ಎಲ್ಲವೂ ಸರಿಯಾದ ಮಾತೇ. ಅದನ್ನು ಹೇಳುವುದಕ್ಕೆ ನನ್ನಂಥ ಮೇಡಂಗಳು ಊರಿಗೆ ಹತ್ತು ಜನ ಇದ್ದೇವೆ.

ದರಿಯಾ ದೌಲತ್‌ನ ಗೋಡೆ

ಸೇವೆಯಲ್ಲಿದ್ದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಮಕ್ಕಳನ್ನು ಹತ್ತಾರು ಸಲ ಪ್ರವಾಸ ಕರೆದೊಯ್ದಿದ್ದೇನೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಹೆಚ್ಚಿನದು ತೇಗದ ಮರ, ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ. ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತದೆ. ಎಂಟು ನಿಮಿಷದಲ್ಲಿ ಗೋಡೆ ಮುಗಿದು ಊಟಕ್ಕೆ ಸಾಲು ನಿಲ್ಲಿಸುತ್ತಿದ್ದೆ. ಆ ಗೋಡೆಯ ಇನ್ನೊಂದು ಕಥೆಯನ್ನು ನಾನು ತಿಳಿದದ್ದೇ ನಿವೃತ್ತಿಯ ಮೇಲೆ: 1799ರಲ್ಲಿ ಟಿಪ್ಪು ಮಡಿದ ನಂತರ ಅಲ್ಲಿ ಬಿಡಾರ ಮಾಡಿದ ಆರ್ಥರ್ ವೆಲ್ಲೆಸ್ಲಿ ಹಾಳಾಗಿದ್ದ ಚಿತ್ರವನ್ನು ಮತ್ತೆ ಬರೆಸಿದ, 1855ರಲ್ಲಿ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ತಮ್ಮವರೇ ಸೋತು ನೆಲಕ್ಕುರುಳಿದ ಯುದ್ಧದ ಚಿತ್ರವನ್ನು ಇಂಗ್ಲಿಷರೇ ಹಣ ಕೊಟ್ಟು ಎರಡು ಸಲ ಉಳಿಸಿಕೊಂಡದ್ದು ಯಾಕೆಂದು ಯೋಚಿಸಿದರೆ, ಚಿತ್ರದ ಎದುರು ದೊಡ್ಡವರು ಕೂಡ ಪೂರ್ತಿ ದೊಡ್ಡವರಾಗಿ ಉಳಿಯುವುದಿಲ್ಲವೇನೋ ಎನಿಸುತ್ತದೆ.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಇಲ್ಲ, ಟಿಪ್ಪಣಿ ಇಲ್ಲ, ಸಾಲು ಇಲ್ಲ. ಬಿಸಿಲು ತಾಗದಂತೆ ಇಳಿಬಿಟ್ಟ ಹಸಿರು ಪರದೆಗಳಿಂದಾಗಿ ಪಡಸಾಲೆಯಲ್ಲಿ ನೀರಿನೊಳಗಿನ ಬೆಳಕು. ಆನೆಯ ಮೇಲಿನ ಹೈದರನನ್ನು ತೋರಿಸಿದೆ, ಅವಳು ನೋಡಲಿಲ್ಲ. ಸಿಡಿಯುತ್ತಿರುವ ಮದ್ದಿನ ಗಾಡಿಯನ್ನು ತೋರಿಸಿದೆ. ಒಮ್ಮೆ ನೋಡಿ ಬಿಟ್ಟಳು. ಅವಳ ಎತ್ತರಕ್ಕೆ ಕಾಣುವುದು ಕುದುರೆಯ ಕಾಲುಗಳು. ಕುದುರೆಗಳೆಲ್ಲ ಒಂದರ ಹಿಂದೊಂದು ಒತ್ತಾಗಿ ನಿಂತಿದ್ದರಿಂದ ಯಾವ ಕಾಲು ಯಾವ ಕುದುರೆಯದು ಎಂಬುದು ಅವಳಿಗೆ ಬಹಳ ಮುಖ್ಯವಾದ ಪ್ರಶ್ನೆಯಾಗಿತ್ತು, ಬೆರಳನ್ನು ಗೋಡೆಗೆ ತಾಗಿಸದೆ ಗಾಳಿಯಲ್ಲೇ ಗೆರೆ ಎಳೆಯುತ್ತ ಒಂದೊಂದನ್ನೇ ಅದರದರ ಕುದುರೆಗೆ ಒಪ್ಪಿಸುತ್ತ ಹೋದಳು. ಎಷ್ಟು ಹೊತ್ತಾಯಿತೋ ತಿಳಿಯದು. ನನ್ನ ಮೊಣಕಾಲು ನೋಯುತ್ತಿತ್ತು.

ಆಮೇಲೆ ಅವಳ ದೃಷ್ಟಿ ಇಂಗ್ಲಿಷ್ ಸೈನಿಕರ ಚೌಕದ ನಡುವಿನ ಪಲ್ಲಕ್ಕಿಗೆ ಹೋಯಿತು. ಅದರೊಳಗೆ ಗಾಯಗೊಂಡ ಕರ್ನಲ್ ಬೇಯ್ಲಿ, ಬೆರಳನ್ನು ಬಾಯಿಗಿಟ್ಟುಕೊಂಡು ಕುಳಿತಿದ್ದಾನೆ.

“ಅಜ್ಜಿ, ಇವರು ಯಾಕೆ ಬೆರಳು ಕಚ್ಕೊಂಡಿದಾರೆ?”

“ಆಶ್ಚರ್ಯ ಆಗಿದೆಯಂತೆ” ಎಂದೆ. ಮಾತು ಬಾಯಿಂದ ಜಾರಿದ ಮೇಲೆ ಅವಳು ತಿದ್ದುತ್ತಾಳೆಂದು ಕಾದೆ. ತಿದ್ದಲಿಲ್ಲ. ಪಲ್ಲಕ್ಕಿಯಲ್ಲಿದ್ದವನ ಮುಖವನ್ನೇ ನೋಡುತ್ತ, ತನ್ನ ತೋರುಬೆರಳನ್ನು ಮೆಲ್ಲಗೆ ಎತ್ತಿ ಹಲ್ಲುಗಳ ನಡುವೆ ಇಟ್ಟುಕೊಂಡಳು, ಹಾಗೆ ಇಟ್ಟುಕೊಂಡರೆ ಹೇಗಿರುತ್ತದೆಂದು ತಿಳಿಯಲು. ಕಾವಲಿನವರು ಬಂದು, ಐದು ಗಂಟೆಯಾಯಿತು, ಇನ್ನು ಹೊರಡಿ ಅಮ್ಮ ಎನ್ನುವವರೆಗೆ ಇಬ್ಬರೂ ಹಾಗೆಯೇ ಎದುರುಬದುರಾಗಿದ್ದರು.